ಅತ್ತೆಯ ಲಿಂಗ ಕಳೆದ ಕಡಲದಂಡೆ

ಕನಸಿನಲ್ಲಿ ಬಂದು ದಾರಿ ತೋರಿಸಿದ ಹಿರಿಯರು, ತಾನಾಗಿ ಉರಿದ ದೀಪ, ಇಂಥ ಮಾತು ಶುರುವಾದರೆ ಎದ್ದು ಚಹಾಕ್ಕಿಡಲು ಹೋಗುವವಳು ನಾನು. ಬ್ಯಾಂಕಿನಲ್ಲಿ ಕೂತು ಸಹಿಗೆ ಸಹಿ ಹೋಲಿಸಿ ನೋಡುವುದರಲ್ಲೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಹೋಲಿದರೆ ಹೌದು, ಹೋಲದಿದ್ದರೆ ಇಲ್ಲ, ನಡುವೆ ಮೂರನೆಯ ಮಾತಿಲ್ಲ. ಈಗ ಬರೆಯುತ್ತಿರುವುದು ಆ ಮೂರನೆಯ ಮಾತಿನ ಕಥೆ. ನೀವು ನಂಬಲೇಬೇಕು ಎಂಬ ಹಟ ನನಗಿಲ್ಲ. ಇನ್ನೊಬ್ಬರು ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ.

ನಮ್ಮದು ಬೀದರ್ ಕಡೆಯ ಮನೆತನ. ನನಗೆ ಮೊದಲ ಪೋಸ್ಟಿಂಗ್ ಈಗಿನ ಸಂಭಾಜಿನಗರದಲ್ಲಿ, ಆಗ ಔರಂಗಾಬಾದ್. ನಮ್ಮವರಿಗೆ ಅಲ್ಲೇ ಶೇಂದ್ರಾದ ಕಾರ್ಖಾನೆಯಲ್ಲಿ ಕೆಲಸ. ಆಮೇಲೆ ನನ್ನನ್ನು ನಾಶಿಕದ ಕಡೆ ಎತ್ತಿ ಹಾಕಿದರು. ಪಿಂಪಳಗಾಂವ್ ಬಸವಂತದ ಶಾಖೆಗೆ ದಿನಾ ಬಸ್ಸಿನಲ್ಲಿ ಹೋಗಿ ಬರುವುದು. ನಮ್ಮವರು ಶೇಂದ್ರಾದಲ್ಲೇ ಉಳಿದು ಶನಿವಾರಕ್ಕೊಮ್ಮೆ ಬರುವ ಅತಿಥಿಯಾದರು. ಹಾಗಾಗಿ ನಾಶಿಕದ ಮನೆ ಅಂದರೆ ನಾನು, ಮಗಳು ಗೌರಿ, ಮತ್ತು ಅತ್ತೆ ಶರಣಮ್ಮನವರು. ಮಾವನವರು ನನ್ನ ಮದುವೆಗೆ ನಾಲ್ಕು ವರ್ಷ ಮೊದಲೇ ಹೋಗಿದ್ದರು. ನಾನು ಅವರನ್ನು ನೋಡಿದ್ದು ಗೋಡೆಯ ಮೇಲಿನ ಫೋಟೋದಲ್ಲಿ ಮಾತ್ರ. ಟೋಪಿ ಹಾಕಿಕೊಂಡು, ಇನ್ನೇನು ಏನೋ ಚೇಷ್ಟೆಯ ಮಾತು ಆಡುವವರಂತೆ ಕೂತ ಫೋಟೋ ಅದು.

ಸೊಸೆ ಅತ್ತೆಯನ್ನು ಹೊಗಳಿದರೆ ಜನ ಅನುಮಾನದಿಂದ ನೋಡುತ್ತಾರೆ. ಆದರೂ ಹೇಳುತ್ತೇನೆ, ನನಗೆ ಅತ್ತೆ ಎಂದರೆ ಪ್ರಾಣ. ನಾನು ಕೆಲಸದಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಬಿಸಿ ರೊಟ್ಟಿ ಬಡಿಯಲು ಕೂರುತ್ತಿದ್ದರು. ಅವರದು ಒಂದೇ ಕಟ್ಟುನಿಟ್ಟು, ಇಷ್ಟಲಿಂಗ. ಬೆಳಿಗ್ಗೆ ಸ್ನಾನವಾಗಿ, ಕೊರಳಲ್ಲಿ ಕಟ್ಟಿದ ಬಿಳಿ ಲಿಂಗವಸ್ತ್ರ ಬಿಚ್ಚಿ, ಲಿಂಗವನ್ನು ಎಡಗೈಯಲ್ಲಿ ಇಟ್ಟುಕೊಂಡು ಪೂಜೆ ಮಾಡುವ ತನಕ ಗುಟುಕು ನೀರೂ ಇಲ್ಲ. ಮೈಮೇಲೆ ಲಿಂಗವಿಲ್ಲದೆ ಅನ್ನ ಮುಟ್ಟುವ ಮಾತೇ ಇಲ್ಲ. ನನ್ನ ಲಿಂಗ ಕಾಲೇಜಿನ ದಿನಗಳಿಂದ ತವರಿನ ಕಪಾಟಿನಲ್ಲಿದೆ. ಅದು ಅವರಿಗೆ ಗೊತ್ತಿತ್ತು. ಇಷ್ಟು ವರ್ಷಗಳಲ್ಲಿ ಅದರ ಬಗ್ಗೆ ಒಂದು ಮಾತು ಆಡಿದವರಲ್ಲ.

ಬ್ಯಾಂಕಿನವರ ಪ್ರವಾಸ ಹೇಗಿರುತ್ತದೆ ಎಂದು ಗೊತ್ತಿದ್ದವರಿಗೆ ಗೊತ್ತು. ಊರು ನೋಡುವ ಆಸೆಯಿಂದ ಹೊರಡುವವರು ಕಡಿಮೆ, ಪ್ರವಾಸದ ಖರ್ಚಿಗೆ ಬ್ಯಾಂಕೇ ಕೊಡುವ ಎಲ್‌ಎಫ್‌ಸಿಯ ಅವಧಿ ಮುಗಿದು ಹೋಗುತ್ತದಲ್ಲ ಎಂಬ ಸಂಕಟದಿಂದ ಹೊರಡುವವರೇ ಹೆಚ್ಚು. ನಾವೂ ಹಾಗೇ ಹೊರಟಿದ್ದು. ಆಗ ಗೌರಿಗೆ ಎಂಟು ವರ್ಷ. ಅತ್ತೆಗೆ ಅರವತ್ತೆಂಟು, ಸಕ್ಕರೆ ಕಾಯಿಲೆ ಬೇರೆ, ಹುಟ್ಟಿದ ಮೇಲೆ ಸಮುದ್ರ ಕಂಡವರಲ್ಲ. ತೋರಿಸುವುದಾದರೆ ಸಣ್ಣ ಪುಟ್ಟ ಸಮುದ್ರವೇಕೆ ಎಂದು ಅಂಡಮಾನಕ್ಕೇ ಟಿಕೆಟ್ ಮಾಡಿಸಿದೆ.

ನಾಲ್ಕನೆಯ ದಿನ ಪೋರ್ಟ್ ಬ್ಲೇರಿನಿಂದ ಸರ್ಕಾರಿ ದೋಣಿ ಹಿಡಿದು ಒಂದು ಸಣ್ಣ ದ್ವೀಪಕ್ಕೆ ಹೋದೆವು. ಅದರ ಹೆಸರು ಬರೆಯುವುದಿಲ್ಲ. ಬರೆದರೆ ನಮ್ಮ ಶಾಖೆಯವರೆಲ್ಲ ಮುಂದಿನ ವರ್ಷ ಅಲ್ಲೇ ಇಳಿದಾರು! ಬಂಗಾಳದಿಂದ ಬಂದು ನೆಲೆಸಿದವರ ಹಳ್ಳಿ ಅದು. ಬೀಣಾದೀದಿ ಎಂಬ ವಿಧವೆಯ ಮನೆಯ ಎರಡು ಕೋಣೆಗಳಲ್ಲಿ ನಮ್ಮ ವಸತಿ. ಮನೆಯ ಹಿಂದಿನ ಕಾಲುದಾರಿಯಲ್ಲಿ ಹತ್ತು ನಿಮಿಷ ನಡೆದರೆ ಕಡಲು. ಅಲ್ಲಿ ಅಂಗಡಿ ಇಲ್ಲ, ಕುರ್ಚಿ ಇಲ್ಲ, ಬಟ್ಟೆ ಬದಲಿಸುವ ಗೂಡೂ ಇಲ್ಲ. ನೀರಿನ ಮೇಲೆ ಬಾಗಿ ನಿಂತ ದೊಡ್ಡ ಮರಗಳು, ಮರಳಿಗೆ ಎಳೆದು ಹಾಕಿದ ಎರಡು ದೋಣಿಗಳು, ಯಾರದೋ ನಾಲ್ಕು ಕೋಳಿಗಳು. ನೀರು ಎಷ್ಟು ತಿಳಿ ಎಂದರೆ ಮೊಳಕಾಲಿನ ತನಕ ಇಳಿದರೂ ಕಾಲಿನ ಉಗುರಬಣ್ಣ ಕಾಣುತ್ತಿತ್ತು.

ಅತ್ತೆ ದಂಡೆಯಲ್ಲಿ ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು ನೀರಿನ ಆಚೆ ತುದಿಯ ತನಕ ನೋಡಿದರು. ಆಮೇಲೆ, "ಎಷ್ಟ್ ದೊಡ್ಡದದ ನೋಡವಾ, ಆದ್ರೂ ಎಷ್ಟ್ ಸುಮ್ಮನದ" ಎಂದರು. ಗೌರಿ ಆಗಲೇ ನೀರಿಗಿಳಿದು, "ಆಜ್ಜೀ, ಯೇ ನಾ! ಪಾಣೀ ಗರಮ್ ಆಹೇ!" ಎಂದು ಕೂಗುತ್ತಿದ್ದಳು, ನೀರು ಬೆಚ್ಚಗಿದೆಯಂತೆ, ಅಜ್ಜಿ ಬರಬೇಕಂತೆ. ಅವಳಿಗೆ ಕನ್ನಡ ಎಲ್ಲ ತಿಳಿಯುತ್ತದೆ, ಬಾಯಿಂದ ಬರುವುದು ಮಾತ್ರ ಮರಾಠಿ. ಅಜ್ಜಿ ಕನ್ನಡದಲ್ಲಿ, ಮೊಮ್ಮಗಳು ಮರಾಠಿಯಲ್ಲಿ ಗಂಟೆಗಟ್ಟಲೆ ಜಗಳವಾಡುವುದು ನಮ್ಮ ಮನೆಯ ದಿನದ ನೋಟ.

ಅತ್ತೆಗೆ ನೀರಿಗಿಳಿಯುವ ಆಸೆ, ಜೊತೆಗೆ ಹೆದರಿಕೆ. ಹೆದರಿಕೆ ಕಡಲಿನದಲ್ಲ. ಲಿಂಗಕ್ಕೆ ಮೇಲೊಂದು ಕಪ್ಪು ಲೇಪ ಇರುತ್ತದೆ, ಕಂತಿ ಎನ್ನುತ್ತಾರೆ. ಉಪ್ಪುನೀರು ತಾಗಿ ಅದು ಕರಗಿದರೆ ಏನು ಗತಿ ಎಂಬ ಚಿಂತೆ. ನಾನು ಬುದ್ಧಿವಂತಳು ನೋಡಿ, ಕೂಡಲೇ ಉಪಾಯ ಹೇಳಿದೆ. ಐದು ನಿಮಿಷ ನನ್ನ ಹತ್ತಿರ ಕೊಡಿ, ನೀವು ಮುಳುಗಿ ಬನ್ನಿ. ಅವರು ಒಪ್ಪಲಿಲ್ಲ. ನಾನು ಬಿಡಲಿಲ್ಲ. ಕೊನೆಗೆ ಕಣ್ಣು ಮುಚ್ಚಿ ಏನೋ ಹೇಳಿಕೊಂಡು, ಕೊರಳಿನ ಲಿಂಗವಸ್ತ್ರವನ್ನು ಗಂಟಿನ ಸಮೇತ ತೆಗೆದು ನನ್ನ ಅಂಗೈಗೆ ಹಾಕಿದರು.

"ಕೆಳಗ ಇಡಬ್ಯಾಡವಾ. ನಿನ್ನ ಮೈಮ್ಯಾಲೇ ಇರಲಿ."

"ಇರ್ತದ್ರೀ ಅತ್ತಿ, ನೀವು ಹೋಗ್ರಿ" ಎಂದೆ.

ನಮ್ಮವರು ತಾಯಿಯ ಕೈಹಿಡಿದು ಇಳಿಸಿದರು. ಸೊಂಟದ ತನಕ ನೀರಿನಲ್ಲಿ ನಿಂತು ಅತ್ತೆ ನಕ್ಕ ನಗು ನನಗೆ ಇಂದಿಗೂ ನೆನಪಿದೆ. ಆ ನಗುವಿನ ಫೋಟೋ ತೆಗೆಯಬೇಕು ಅನ್ನಿಸಿತು. ಮೊಬೈಲು ಹಿಡಿಯಲು ಎರಡು ಕೈ ಬೇಕಾಯಿತು. ಲಿಂಗವನ್ನು ಚೀಲದ ಪಕ್ಕದ ಜೇಬಿಗೆ ಹಾಕಿದೆ. ಅದೇ ಚೀಲದಲ್ಲಿ ನಮ್ಮೆಲ್ಲರ ಚಪ್ಪಲಿ ಇದ್ದವು. ಗೊತ್ತಿದ್ದೂ ಹಾಕಿದೆ. ಎರಡು ನಿಮಿಷ ತಾನೇ, ಯಾರು ನೋಡುತ್ತಾರೆ ಎಂದುಕೊಂಡೆ. ಆಮೇಲೆ ಗೌರಿ ಕರೆದಳೆಂದು ನಾನೂ ಚೀಲವನ್ನು ಒಂದು ಬಿದ್ದ ಮರಕ್ಕೆ ನೇತುಹಾಕಿ ನೀರಿಗಿಳಿದೆ.

ಮರಳಿ ಬಂದು ಜೇಬಿಗೆ ಕೈ ಹಾಕಿದರೆ ಬರಿದು.

ಚೀಲ ಬೋರಲು ಹಾಕಿದೆ. ಚಪ್ಪಲಿ ಬಿದ್ದವು, ಬಾಚಣಿಗೆ ಬಿತ್ತು, ಗೌರಿಯ ಬಿಸ್ಕತ್ತು ಬಿತ್ತು. ಅಷ್ಟರಲ್ಲಿ ಅತ್ತೆ ಸೀರೆ ಹಿಂಡುತ್ತ ಬಂದು ಎಡಗೈ ಚಾಚಿದರು. ಆ ಗಳಿಗೆಯಲ್ಲಿ ನಾನು ಸುಳ್ಳು ಹೇಳಿದೆ. ನಿಮ್ಮ ಮುಂದೆ ಮುಚ್ಚಿಡುವುದೇಕೆ? "ಕೈಯಾಗೇ ಇತ್ರೀ, ಅಲೆ ಬಂದಾಗ ಜಾರಿ ನೀರಿಗೆ ಬಿತ್ತು" ಎಂದೆ. ಚಪ್ಪಲಿಯ ಜೊತೆ ಇಟ್ಟಿದ್ದೆ ಎನ್ನಲು ನಾಲಿಗೆ ಏಳಲಿಲ್ಲ. ಕೈಯಿಂದ ಜಾರುವುದು ಯಾರಿಗಾದರೂ ಆಗುವ ತಪ್ಪು, ಇನ್ನೊಂದಕ್ಕೆ ಕ್ಷಮೆ ಎಲ್ಲಿಂದ ತರುವುದು?

ಎಲ್ಲರೂ ನೀರಿನಲ್ಲಿ ಹುಡುಕಿದರು. ನಾನೂ ಹುಡುಕಿದೆ. ಅಲ್ಲಿ ಇಲ್ಲ ಎಂದು ಗೊತ್ತಿದ್ದವಳು ನಾನೊಬ್ಬಳೇ. ಅವರು ಅತ್ತ ತಿರುಗಿದಾಗ ಮರದ ಬುಡದ ಮರಳು ಕೆದಕುತ್ತಿದ್ದೆ, ಚೀಲವನ್ನು ಮತ್ತೆ ಮತ್ತೆ ತಡವುತ್ತಿದ್ದೆ. ಬೀಣಾದೀದಿ ಅಕ್ಕಪಕ್ಕದ ಹೆಂಗಸರನ್ನು ಕರೆತಂದು ಮೀನಿನ ಬಲೆಯಿಂದ ತಳ ಗೋರಿಸಿದಳು. ಮಧ್ಯಾಹ್ನದ ಹೊತ್ತಿಗೆ ಭರತ ಏರಿ ನಾವು ಕೂತ ಜಾಗ, ಆ ಬಿದ್ದ ಮರದ ಅರ್ಧ, ಎಲ್ಲ ನೀರಿನೊಳಗೆ ಹೋಯಿತು.

ಅತ್ತೆ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಬೀಣಾದೀದಿಯ ಜಗುಲಿಯಲ್ಲಿ ಗೋಡೆಗೆ ಒರಗಿ ಕೂತರು, ಅಷ್ಟೇ. ಊಟ ಬೇಡ ಎಂದರು. ನೀರು ಬೇಡ ಎಂದರು. ಆ ಸೆಕೆಯಲ್ಲಿ, ಸಕ್ಕರೆಯ ಮಾತ್ರೆ ನುಂಗುವ ಜೀವ! ನಾಶಿಕಕ್ಕೆ ಹೋದ ಕೂಡಲೇ ಮಠದ ಅಯ್ಯನವರ ಕೈಯಿಂದ ಬೇರೆ ಲಿಂಗ ಕಟ್ಟಿಸೋಣ, ಅಲ್ಲಿಯ ತನಕ ನೀರನ್ನಾದರೂ ಕುಡಿ ಎಂದು ನಮ್ಮವರು ಕೈಮುಗಿದು ಕೇಳಿದರು.

"ಅಲ್ಲೀ ಮಟ ಹ್ಯಾಂಗ ಕುಡೀಲೋ ಮಗಾ? ಬರೇ ಮೈ ಅದ ನಂದು" ಎಂದರು ಅತ್ತೆ.

ಪೋರ್ಟ್ ಬ್ಲೇರಿಗೆ ದೋಣಿ ಮರುದಿನ ಮಧ್ಯಾಹ್ನಕ್ಕೆ. ಅಲ್ಲಿಂದ ನಾಶಿಕ ಮತ್ತೂ ಎರಡು ದಿನದ ದಾರಿ. ಬೆರಳು ಮಡಚಿ ಗಂಟೆಗಳನ್ನು ಮತ್ತೆ ಮತ್ತೆ ಎಣಿಸಿದೆ. ಗೌರಿ ಲೋಟ ಹಿಡಿದು ಅಜ್ಜಿಯ ಮೊಣಕಾಲಿಗೆ ಅಂಟಿಕೊಂಡು, "ಪೀ ನಾ ಆಜ್ಜೀ, ಏಕ್ ಘೋಟ್" ಎಂದು ಒಂದೇ ಗುಟುಕಿಗಾಗಿ ಅಂಗಲಾಚಿ ಅತ್ತಳು. ಅತ್ತೆ ಅವಳ ತಲೆ ಸವರಿ ಲೋಟವನ್ನು ಅವಳಿಗೇ ಕುಡಿಸಿದರು. ಸಂಜೆಗೆ ಅವರ ತುಟಿ ಒಣಗಿ, ಮಾತು ತೊದಲತೊಡಗಿತು. ಬೀಣಾದೀದಿ ನನ್ನನ್ನು ಅಡುಗೆಮನೆಗೆ ಕರೆದು, "ಬಹೂ, ಮಾಜೀ ಕೋ ಕುಛ್ ಹೋ ಗಯಾ ತೋ? ಯಹಾಂ ಡಾಕ್ಟರ್ ಭೀ ನಹೀಂ ಹೈ" ಎಂದಳು. ಅಮ್ಮನಿಗೆ ಏನಾದರೂ ಆದರೆ ಇಲ್ಲಿ ಡಾಕ್ಟರೂ ಇಲ್ಲ ಎಂಬ ಆ ಮಾತು ನನಗೆ ಹೇಳಬೇಕಾಗಿಯೇ ಇರಲಿಲ್ಲ.

ನಿಜ ಹೇಳಿಬಿಡಬೇಕು ಎಂದು ಆ ಸಂಜೆ ಮೂರು ಸಲ ಅವರ ಹತ್ತಿರ ಹೋಗಿ ಕೂತೆ. ಮೂರು ಸಲವೂ ಕಾಲು ಒತ್ತಿ ಎದ್ದು ಬಂದೆ.

ಆ ದ್ವೀಪಗಳಲ್ಲಿ ಬೆಳಿಗ್ಗೆ ಐದಕ್ಕೆಲ್ಲ ಬೆಳಕು ಹರಿಯುತ್ತದೆ. ಇಡೀ ರಾತ್ರಿ ಕಣ್ಣು ಮುಚ್ಚದವಳು, ಬೆಳಕು ಮೂಡಿದ್ದೇ ಒಬ್ಬಳೇ ದಂಡೆಗೆ ಹೋದೆ. ನೀರು ಹಿಂದಕ್ಕೆ ಸರಿದಿತ್ತು. ಹಿಂದಿನ ದಿನ ನಾವೆಲ್ಲ ತುಳಿದು ಕೆದಕಿದ ಮರಳು ಸಾರಿಸಿಟ್ಟ ನೆಲದಂತೆ ನಯವಾಗಿ ಹಾಸಿತ್ತು. ಒಂದು ಹೆಜ್ಜೆಯ ಗುರುತಿಲ್ಲ, ಏಡಿ ಓಡಾಡಿದ ಗೆರೆಯೂ ಇಲ್ಲ. ಬಿದ್ದ ಮರದಿಂದ ಹತ್ತು ಮಾರು ಆಚೆ, ಆ ಬಯಲಿನ ನಡುವೆ, ಏನೋ ಕಪ್ಪಗೆ ಕಂಡಿತು. ಕಲ್ಲಿರಬೇಕು ಎಂದುಕೊಂಡೇ ಹತ್ತಿರ ಹೋದೆ.

ಲಿಂಗ. ಬಟ್ಟೆ ಇಲ್ಲ, ದಾರ ಇಲ್ಲ. ಉರುಳಿ ಬಿದ್ದಿರಲಿಲ್ಲ, ಅರ್ಧ ಹೂತಿರಲಿಲ್ಲ. ಪೂಜೆಗೆ ಅಂಗೈಯಲ್ಲಿ ಇಟ್ಟುಕೊಳ್ಳುತ್ತೇವಲ್ಲ, ಹಾಗೆ ನೆಟ್ಟಗೆ ಕೂತಿತ್ತು. ಸುತ್ತಲಿನ ಮರಳೆಲ್ಲ ಒದ್ದೆ. ಎತ್ತಿಕೊಂಡರೆ ಲಿಂಗ ಒಣಗಿತ್ತು. ಮೈಮೇಲೆ ಬಿಳಿಯ ಪುಡಿ ಹತ್ತಿತ್ತು, ಬೆರಳಿಗೂ ಅಂಟಿತು. ಕಡಲಿನ ಉಪ್ಪಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ನಾಲಿಗೆಗೆ ಹಚ್ಚಿ ನೋಡುವ ಧೈರ್ಯ ಬರಲಿಲ್ಲ. ತಳದಲ್ಲಿ ಒಂದು ಕಡೆ ಜೋಳದ ಕಾಳಿನಷ್ಟು ಕಂತಿ ಎದ್ದು ಹೋಗಿತ್ತು. ಅಯ್ಯೋ, ಕಲ್ಲಿಗೆ ಬಡಿದಿದೆ, ಇದೂ ನನ್ನ ತಲೆಗೇ ಬಂತು ಎಂದು ಅಳುತ್ತಲೇ ಮನೆಯ ಕಡೆ ಓಡಿದೆ.

ಅತ್ತೆ ಜಗುಲಿಯಲ್ಲಿ ಹಾಗೇ ಒರಗಿ ಕೂತಿದ್ದರು. ಅವರ ಎಡಗೈ ಬಿಡಿಸಿ ಲಿಂಗವನ್ನು ಇಟ್ಟೆ. ಅವರು ಅದರ ಮೇಲೆ ಹೆಬ್ಬೆರಳು ಆಡಿಸಿದರು. ತಳವನ್ನು ಮುಟ್ಟಿದರು, ಬೆರಳು ಅಲ್ಲೇ ನಿಂತಿತು. ಮೂಗಿನ ಹತ್ತಿರ ಒಯ್ದು ಮೂಸಿದರು. ಆಮೇಲೆ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ತಪ್ಪು ಸಿಕ್ಕಿಬಿತ್ತು ಎಂದುಕೊಂಡೆ ನಾನು.

"ಎಲ್ಲಿ ಸಿಕ್ಕಿತವಾ?"

"ಮರಳಿನಾಗ ರೀ. ತಳಕ್ಕ ಪೆಟ್ಟಾಗ್ಯದ. ತಪ್ಪಾತ್ರೀ ಅತ್ತಿ."

"ಇರಲಿ. ನೀರು ಕಾಸು, ಜಳಕ ಮಾಡ್ತೀನಿ" ಎಂದರು.

ಜಳಕವಾಯಿತು, ಪೂಜೆಯಾಯಿತು. ಆ ದಿನದ ಪೂಜೆ ಎಂದಿಗಿಂತ ದೀರ್ಘವಾಗಿತ್ತು. ಆಮೇಲೆ ಎರಡು ಲೋಟ ನೀರು ಕುಡಿದರು, ಬೀಣಾದೀದಿ ಮಾಡಿದ ಅನ್ನ ಬೇಳೆಸಾರು ಉಂಡರು. ಅವರು ಉಣ್ಣುವುದನ್ನು ನಾವೆಲ್ಲ ಸಿನಿಮಾ ನೋಡುವವರ ಹಾಗೆ ಸುತ್ತ ಕೂತು ನೋಡಿದೆವು. ನೀರಿಗೆ ಬಿದ್ದೇ ಇರದ ಲಿಂಗ ಮರಳಿನ ನಡುವೆ ಹೇಗೆ ಹೋಯಿತು ಎಂಬ ಪ್ರಶ್ನೆ ನನಗೆ ಬರದೇ ಇರಲಿಲ್ಲ. ಮರಕ್ಕೆ ನೇತುಹಾಕಿದ ಚೀಲದಿಂದ ಜಾರಿರಬೇಕು, ಭರತದ ನೀರು ಬಟ್ಟೆಯನ್ನು ಬಿಚ್ಚಿ ಎಳೆದಿರಬೇಕು ಎಂದು ಲೆಕ್ಕ ಹೊಂದಿಸಿಕೊಂಡು ಸುಮ್ಮನಾದೆ. ಹೋದ ಜೀವ ಬಂದಾಗ ಯಾರು ತಕರಾರು ತೆಗೆಯುತ್ತಾರೆ?

ಏಳು ತಿಂಗಳಾದ ಮೇಲೆ, ನಾಶಿಕದ ಮಳೆಗಾಲದಲ್ಲಿ, ಅದೇ ಚೀಲದ ಜಿಪ್ಪು ಕಿತ್ತುಹೋಯಿತು. ದೇವಳಾಲಿ ಕ್ಯಾಂಪಿನಲ್ಲಿ ಸೈನಿಕರ ಚೀಲ, ಬೂಟು ಹೊಲಿದು ಕೊಡುವ ಒಬ್ಬ ಮುದುಕರಿದ್ದಾರೆ. ಕೈ ಗಟ್ಟಿ, ಬಾಯಿ ಇನ್ನೂ ಗಟ್ಟಿ. ಪಕ್ಕದ ಜೇಬಿನ ಮೂಲೆಯಲ್ಲಿ ಹೊಲಿಗೆ ಬಿಟ್ಟದ್ದನ್ನು ತೋರಿಸಿ ನನಗೆ ಬೈದರು. ಅಸ್ತರು ಬಿಚ್ಚಿ, ತಳದ ರಟ್ಟನ್ನು ಎತ್ತಿದರು. ಅದರ ಕೆಳಗಿನಿಂದ ಒಂದು ಬಿಳಿ ಬಟ್ಟೆಯ ಗಂಟು ತೆಗೆದು, "ತಾಯೀ, ಹೇ ತುಮ್ಚಂ ಕಾ?" ಎಂದು, ಇದು ನಿಮ್ಮದೇನಮ್ಮಾ ಎಂಬಂತೆ ನನ್ನತ್ತ ಚಾಚಿದರು.

ಅತ್ತೆಯ ಲಿಂಗವಸ್ತ್ರ. ಅವರೇ ಹಾಕಿದ ಗಂಟು, ಅವರ ಶಿವದಾರ. ಬಿಚ್ಚಿ ನೋಡಿದೆ. ಒಳಗೆ ಲಿಂಗ, ತಳ ನುಣುಪು, ಎಲ್ಲಿಯೂ ಒಂದು ಗೀರಿಲ್ಲ.

ಅಂಗಡಿಯ ಸ್ಟೂಲಿನ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ. ಮನೆಗೆ ಹೋಗುವ ದಾರಿಯಲ್ಲಿ ಎರಡು ಭಯಗಳು ಒಂದನ್ನೊಂದು ತಳ್ಳುತ್ತಿದ್ದವು. ಅತ್ತೆ ದಿನಾ ಪೂಜಿಸುತ್ತಿರುವುದು ಯಾರದು? ಮತ್ತು, ಇದು ಚೀಲದಲ್ಲಿ ಸಿಕ್ಕಿತು ಎಂದರೆ ನನ್ನ ಸುಳ್ಳು ಬಯಲಿಗೆ ಬಂತಲ್ಲ? ನಿಜ ಹೇಳಬೇಕೆಂದರೆ ಎರಡನೆಯ ಭಯವೇ ದೊಡ್ಡದಾಗಿತ್ತು. ಹಾಳು ಮನಸ್ಸು!

ಅತ್ತೆ ಅಡುಗೆಮನೆಯಲ್ಲಿ ಮೆಂತ್ಯೆ ಸೋಸುತ್ತ ಕೂತಿದ್ದರು. ಗಂಟನ್ನು ಅವರ ಮುಂದೆ ಇಟ್ಟು, ಚಪ್ಪಲಿಯ ಚೀಲ, ಫೋಟೋ, ಸುಳ್ಳು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಅವರಿಗೆ ಆಶ್ಚರ್ಯವಾಗಲಿಲ್ಲ. ಕೈ ತೊಳೆದು ಬಂದು ಗಂಟನ್ನು ಕಣ್ಣಿಗೆ ಒತ್ತಿಕೊಂಡರು. ಕೊರಳಲ್ಲಿದ್ದುದನ್ನು ಬಿಚ್ಚಿ ಅದರ ಪಕ್ಕದಲ್ಲಿ ಇಟ್ಟರು.

"ಇದು ನಂದಲ್ಲಂತ ನನಗ ಅವತ್ತೇ ಗೊತ್ತಿತ್ತವಾ. ಇದು ನಿಮ್ಮ ಮಾವನವರದು."

ನಮ್ಮಲ್ಲಿ ಹೋದವರನ್ನು ಮಣ್ಣು ಮಾಡುವಾಗ ಅವರ ಲಿಂಗವನ್ನು ಅವರ ಎಡಗೈಯಲ್ಲೇ ಇಟ್ಟು, ವಿಭೂತಿ ಸುರಿದು ಮಣ್ಣು ಮುಚ್ಚುತ್ತಾರೆ. ಮಾವನವರ ಲಿಂಗವೂ ಹಾಗೆಯೇ, ಎಷ್ಟೋ ವರ್ಷಗಳ ಹಿಂದೆ, ಬೀದರ್ ಜಿಲ್ಲೆಯ ಹೊಲದಲ್ಲಿ ಅವರ ಜೊತೆ ಮಣ್ಣಿಗೆ ಹೋಗಿತ್ತು. ಅತ್ತೆಯೇ ಕಣ್ಣಾರೆ ನೋಡಿದ್ದರು.

"ತಳದಾಗ ಎದ್ದದ ನೋಡು, ಅದು ನನ್ನ ಕೈಲಿ ಆದದ್ದು. ಮದುವ್ಯಾಗಿ ತಿಂಗಳಾಗಿದ್ದಿಲ್ಲ. ಪೂಜಿ ಹೊತ್ತಿನಾಗ ಹಿಡ್ಕೋ ಅಂತ ಕೊಟ್ಟಿದ್ರು, ಬೀಸೋಕಲ್ಲಿನ ಮ್ಯಾಲ ಬೀಳಿಸ್ಬಿಟ್ಟೆ. ನಮ್ಮತ್ತಿ ಓಡಿ ಬಂದ್ರು. ಬಲೇ ಕಠಿಣ ಹೆಂಗಸು ಆಕಿ. ಇವರು ನನ್ನ ಕಡಿ ನೋಡಲೂ ಇಲ್ಲ. 'ನನ್ನ ಕೈಯಿಂದ ಜಾರಿತಬೇ' ಅಂದ್ರು. ಸಾಯೋ ಮಟ ಯಾರಿಗೂ ಹೇಳಲಿಲ್ಲ."

ತಳದ ಆ ಗುರುತನ್ನು ಬೆರಳಿನಿಂದ ಸವರಿ ಮತ್ತೆ ಹೇಳಿದರು.

"ಅವತ್ತು ದಂಡ್ಯಾಗ ನೀ ಸುಳ್ಳು ಹೇಳಾಕತ್ತೀದಿ ಅಂತ ನಿನ್ನ ಮಾರಿ ನೋಡಿದ್ರ ತಿಳೀತಿತ್ತು. ನನಗೇನಾರೆ ಆಗಿದ್ರ ಜನ್ಮಪೂರ್ತಿ ಸುಡ್ತಿದ್ದಿ ನೀನು. ಅವರು ನನ್ನ ಸಲುವಾಗಿ ಬರ್ಲಿಲ್ಲವಾ. ನಿನ್ನ ಸಲುವಾಗಿ ಬಂದ್ರು. ಮನಿ ಸೊಸಿ ಮ್ಯಾಲ ಮಾತು ಬಂದ್ರ ಅವರಿಗೆ ತಡೀತಿದ್ದಿಲ್ಲ."

ನನಗೆ ಅಳು ಬಂದುಬಿಟ್ಟಿತು. ಎಂದೂ ಕಾಣದ ಮನುಷ್ಯನಿಗಾಗಿ, ಫೋಟೋದ ಆ ಟೋಪಿಗಾಗಿ, ಮೆಂತ್ಯೆ ಸೊಪ್ಪಿನ ಮುಂದೆ ಕೂತು ಅತ್ತುಬಿಟ್ಟೆ.

ಆದರೂ ನಾಯಿ ಬಾಲ ಡೊಂಕೇ. ಮರುದಿನವೇ ಬೀಣಾದೀದಿಗೆ ಫೋನು ಮಾಡಿ, ನಮ್ಮ ಹಾಗೆ ಕೊರಳಲ್ಲಿ ಲಿಂಗ ಕಟ್ಟಿದವರು ಬೇರೆ ಯಾರಾದರೂ ಅಲ್ಲಿಗೆ ಬಂದಿದ್ದರೇ ಎಂದು ಕೇಳಿದೆ. ಅಂಥ ವಸ್ತುವನ್ನು ಅಂದಿಗಿಂತ ಮೊದಲು ನೋಡಿಯೇ ಇಲ್ಲ ಎಂದಳು. ಹಾಗೆಂದರೆ ಬಂದೇ ಇಲ್ಲ ಎಂದು ಅರ್ಥವಲ್ಲ. ಕರ್ನಾಟಕದಿಂದ ಎಷ್ಟು ನೌಕರರು ಅಂಡಮಾನಕ್ಕೆ ಹೋಗುವುದಿಲ್ಲ, ಯಾರೋ ಕಳೆದುಕೊಂಡಿರಬಹುದು. ಒಂದೇ ಜಾಗದಲ್ಲಿ ಕಂತಿ ಎದ್ದ ಲಿಂಗಗಳು ಎರಡಿರಬಾರದೆಂದೇನೂ ಇಲ್ಲ. ಆದರೆ ಆ ಒಣಗಿದ ಬಿಳಿಯ ಪುಡಿ, ಅದು ವಿಭೂತಿಯಾಗಿದ್ದರೆ? ಅಲ್ಲಿಗೆ ಬಂದು ನನ್ನ ಲೆಕ್ಕ ನಿಂತುಬಿಡುತ್ತದೆ. ಒಂದು ದಿನ ತಡೆಯಲಾರದೆ ಅತ್ತೆಯನ್ನೇ ಕೇಳಿದೆ, ಊರಿಗೆ ಹೋದಾಗ ಆ ಮಣ್ಣು ತೆಗೆಸಿ ಒಮ್ಮೆ ನೋಡಿಬಿಟ್ಟರೆ ಗೊತ್ತಾಗುವುದಿಲ್ಲವೇ ಎಂದು. ಅವರು ಸಿಟ್ಟಾಗಲಿಲ್ಲ.

"ಕೊಟ್ಟವರ ಕೈ ಬಿಚ್ಚಿ ನೋಡ್ತಾರೇನವಾ ಯಾರಾದ್ರೂ?" ಎಂದರು.

ಆಮೇಲೆ ಮಾವನವರದನ್ನು ಹೊಸ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. "ನೀನೇ ಇಟ್ಕೋ. ನಾ ಹೋದ ದಿನ ನಂದರ ಜೋಡಿ ಇದನ್ನೂ ನನ್ನ ಕೈಯಾಗ ಇಡು. ನಾನೇ ಒಯ್ದು ಅವರಿಗೆ ಮುಟ್ಟಿಸ್ತೀನಿ."

ಅದು ಈಗ ನನ್ನ ಕಪಾಟಿನಲ್ಲಿದೆ. ಯಾರದು, ಎಲ್ಲಿಂದ ಬಂತು, ನನಗೆ ಗೊತ್ತಿಲ್ಲ. ಅತ್ತೆಗೆ ಈಗ ಎಪ್ಪತ್ತು ದಾಟಿದೆ, ರೊಟ್ಟಿ ಬಡಿಯುವಾಗ ಕೈ ನಡುಗುತ್ತದೆ. ಒಪ್ಪಿಸಿದ ಕೆಲಸ ಮಾಡಿಯೇ ಮಾಡುತ್ತೇನೆ, ಆದರೆ ಆ ದಿನ ಮಾತ್ರ ಬೇಗ ಬರಬಾರದು ಎಂದು ಬೆಳಿಗ್ಗೆ ಬಸ್ಸು ಹಿಡಿಯುವ ಮೊದಲು ಒಂದು ಗಳಿಗೆ ಕಪಾಟಿನ ಮುಂದೆ ನಿಂತು ಬೇಡಿಕೊಳ್ಳುತ್ತೇನೆ. ಯಾರನ್ನು ಬೇಡುತ್ತಿದ್ದೇನೆ ಎಂದು ಕೇಳಿದರೆ, ಅದೂ ನನಗೆ ಗೊತ್ತಿಲ್ಲ.